ಎರಡೂವರೆಯ ರೋಣ ಬಸ್ಸು

ಕಲಿಯುಗವು ಹೊಟ್ಟೆತುಂಬ ಉಂಡು ತೇಗುತ್ತಿದ್ದ ಕಾಲದಲ್ಲಿ, ಹನ್ನೆರಡು ಪ್ಲಾಟ್‌ಫಾರ್ಮುಗಳಿಂದ ಶೋಭಿಸುತ್ತಿದ್ದ ಕಲ್ಲೂರಪೇಟೆಯ ಬಸ್ ನಿಲ್ದಾಣದಲ್ಲಿ, ಧ್ವನಿವರ್ಧಕಮುಖನೂ ಸಪ್ತತಾಲೂಕುಶ್ರುತಕಂಠನೂ ಆದ ವೀರಪ್ಪ ಮುದಗಲ್ಲ ಎಂಬ ಅನೌನ್ಸರ್ ಮೈಕಿನ ಮುಂದೆ ಇಪ್ಪತ್ತೆರಡು ವರ್ಷಗಳಿಂದ ರಾಜ್ಯಭಾರ ನಡೆಸಿದ್ದ. ತಾಯಿ ವಾಗ್ದೇವಿ, ಅವನು ರೊಟ್ಟಿ ತಿಂದು ನಡೆದ ಕಥೆಯನ್ನು ಹೇಳಲು ನಮ್ಮ ನಾಲಗೆಗೂ ಸ್ವಲ್ಪ ತ್ರಾಣ ಕೊಡು.

ಅವನಿಗಿದ್ದವನು ಒಬ್ಬನೇ ಶತ್ರು: ಊಟದ ನಂತರದ ದಣಿವು. ಕತ್ತಿಯಿಲ್ಲದೆ ಕುತ್ತಿಗೆ ಬಾಗಿಸುವ, ಹಗ್ಗವಿಲ್ಲದೆ ಕಾಲು ಕಟ್ಟುವ ಆ ಸೀಸಪಾದ ದೈತ್ಯನು ಸಕ್ಕರೆ ಕಾಯಿಲೆಯ ಹೆಗಲೇರಿ ಮೂರು ವರ್ಷಗಳ ಹಿಂದೆಯೇ ಅವನ ದೇಹದುರ್ಗವನ್ನು ಹೊಕ್ಕಿದ್ದ. ವೀರಪ್ಪ ಅದನ್ನು ವಯಸ್ಸೆಂದುಕೊಂಡು, ಶಕ್ತಿ ಬರಲೆಂದು ಸಿಹಿ ಚಹಾದ ಮೇಲೆ ಚಹಾ ಕುಡಿದು, ದಿನವೂ ಶತ್ರುವಿಗೇ ದಿನಸಿ ಸಾಗಿಸುತ್ತಿದ್ದ.

ಮೊನ್ನೆ ಸೋಮವಾರ ಘೋರ ಪರಾಭವವಾಯಿತು. ಅನ್ನದ ಗುಡ್ಡವೊಂದನ್ನು ಕರಗಿಸಿ ಕೂತ ವೀರಪ್ಪ, ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಂತೆಯೇ ನಿದ್ದೆಹೋದ. ಅವನ ಗೊರಕೆ ನಿಲ್ದಾಣದ ತುಂಬ ಮೊಳಗಿತು. ಎಲ್ಲೋ ಬಸ್ಸು ಚಾಲೂ ಆಯಿತೆಂದು ಜನ ಗಂಟುಮೂಟೆ ಹೊತ್ತು ಆ ಸದ್ದನ್ನು ಹುಡುಕುತ್ತ ಓಡಾಡಿದರು. ಅಷ್ಟರಲ್ಲಿ ಎರಡೂವರೆಯ ರೋಣ ಬಸ್ಸು ಯಾರೂ ಕೂಗಿ ಹೇಳದೆ ಹೊರಟುಹೋಯಿತು. ಹನ್ನೊಂದು ಮಂದಿ ಉಳಿದುಬಿಟ್ಟರು.

ನಿಲ್ದಾಣದ ಕಂಟ್ರೋಲರ್ ಮುಳಗುಂದ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: “ವೀರಪ್ಪ, ನಿನ್ನ ದನಿ ಚಲೋ ಐತಿ, ಗೊರಕಿನೂ ಚಲೋ ಐತಿ. ಆದ್ರ ಇನ್ನೊಮ್ಮೆ ಹಿಂಗಾತಂದ್ರ ರೆಕಾರ್ಡ್ ಮಾಡಿದ ದನಿ ಹಚ್ಚತೀನಿ. ನೀ ಪಾರ್ಸಲ್ ರೂಮಿನಾಗ ಕುಂದ್ರು.”

ಪಾರ್ಸಲ್ ರೂಮಿನಲ್ಲಿ ಮೈಕಿಲ್ಲ. ಕೂಗಿದರೆ ಕೇಳುವವರೂ ಇಲ್ಲ.

ಹೆಂಡತಿ ನೀಲವ್ವ ಅವನನ್ನು ಡಾಕ್ಟರರ ಬಳಿ ಎಳೆದೊಯ್ದಳು. ಉಂಡ ಮೇಲೆ ಸಕ್ಕರೆ ಏರುವುದರಿಂದಲೇ ಈ ದಣಿವಿರಬಹುದು ಎಂದ ಡಾಕ್ಟರು, ಗುಳಿಗೆ ತಪ್ಪಿಸಬೇಡಿ, ಅನ್ನ ತಗ್ಗಿಸಿ, ಕಾಯಿಪಲ್ಲೆ ಹೆಚ್ಚಿಸಿ, ಊಟವಾದ ಮೇಲೆ ಕಾಲು ಗಂಟೆ ನಡೆಯಿರಿ ಎಂದರು.

ಗುರುವಾರ ಮಧ್ಯಾಹ್ನ ಡಬ್ಬಿ ತೆರೆಯಿತು. ಮುಂದೆ ಸವತೆಕಾಯಿ ಮೂಲಂಗಿಗಳ ಕಾಲ್ದಳ, ಹಿಂದೆ ಮಡಕಿಕಾಳಿನ ಪಲ್ಯದ ಅಶ್ವದಳ, ಗಜಗಳಂತೆ ಎರಡು ಜೋಳದ ರೊಟ್ಟಿ. ಅನ್ನವು ಮಾತ್ರ ಸೋತ ರಾಜ್ಯದ ಕಪ್ಪದಂತೆ ಒಂದು ಮುಷ್ಟಿಯಷ್ಟು ಮೂಲೆಯಲ್ಲಿತ್ತು. ಉಂಡೆದ್ದ ವೀರನಿಗೆ ಫ್ಯಾನು ಚಾಮರ ಬೀಸಿತು. ಕುರ್ಚಿ ಕರೆಯಿತು. ಕಣ್ಣೆವೆಗಳು ಒಳಗೊಳಗೇ ಶತ್ರುವಿನೊಡನೆ ಸಂಧಾನ ನಡೆಸಿದ್ದವು. ಆದರೂ ಅವನು ಹೊರಟ.

ಆರನೇ ಪ್ಲಾಟ್‌ಫಾರ್ಮಿನಲ್ಲಿ ಕ್ಯಾಂಟೀನಿನ ರಾಜೇಸಾಬ ಅಡ್ಡ ನಿಂತ. “ವೀರಪ್ಪಣ್ಣ, ಯಾಕ ಮಾರಿ ಸಣ್ಣಾಗೇತಿ? ಬರ್ರಿ, ಖಡಕ್ ಚಾ ಕುಡೀರಿ. ಸಕ್ರಿ ಜಾಸ್ತಿನ ಹಾಕೇನಿ.”

ವೀರಪ್ಪ ಎದೆಯುಬ್ಬಿಸಿ ಗರ್ಜಿಸಿದ: “ಎಲವೋ ಶರ್ಕರಾಸೇನಾನಿಯೇ, ಕೇಳು. ಈ ನಿಲ್ದಾಣವನ್ನು ಮೂರು ಬಾರಿ ಪ್ರದಕ್ಷಿಣೆ ಮಾಡದೆ ನನ್ನ ಪೃಷ್ಠವು ಆ ಕುರ್ಚಿಯನ್ನು ಸ್ಪರ್ಶಿಸದು. ಸೂರ್ಯನು ಪಡುವಣದಲ್ಲಿ ಹುಟ್ಟಲಿ, ಸಂಜೆಯ ಲೋಕಲ್ ಬಸ್ಸು ವೇಳೆಗೆ ಸರಿಯಾಗಿ ಬರಲಿ, ನನ್ನ ಪ್ರತಿಜ್ಞೆ ತಪ್ಪದು.”

“ತಿರಗ್ರಿ, ಯಾರ್ ಬ್ಯಾಡಂದ್ರು,” ಎಂದ ರಾಜೇಸಾಬ. “ಅಂಗಿ ಗುಂಡಿ ಬಿಚ್ಚೇತಿ ನೋಡ್ರಿ.”

ಎರಡನೇ ಸುತ್ತಿನಲ್ಲಿ ದೈತ್ಯನು ಮಹಾಜೃಂಭಣಾಸ್ತ್ರವನ್ನು ಪ್ರಯೋಗಿಸಿದ. ವೀರಪ್ಪ ಆಕಳಿಸಿದ ರಭಸಕ್ಕೆ ಬೆಂಚಿನ ಮೇಲಿದ್ದ ಏಳು ಪ್ರಯಾಣಿಕರೂ ಒಬ್ಬ ಕಂಡಕ್ಟರನೂ ಸಾಲಾಗಿ ಆಕಳಿಸಿದರು. ಮೂರನೇ ಸುತ್ತಿಗೆ ಬೆನ್ನು ಬೆವರಿತು, ತಲೆ ಒಂದಿಷ್ಟು ಹಗುರಾಯಿತು. ಎರಡೂಕಾಲು ಗಂಟೆಗೆ ಅವನು ಮೈಕಿನ ಮುಂದೆ ಕೂತ. ಕಣ್ಣು ಎಳೆಯಿತು. ಎದ್ದು ನಿಂತ.

“ಪ್ರಯಾಣಿಕರ ಗಮನಕ್ಕೆ. ರೋಣಕ್ಕೆ ಹೋಗುವ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ.”

ಜನ ಹತ್ತಿದರು. ಬಸ್ಸು ಹೊರಟಿತು. ಒಬ್ಬರೂ ಉಳಿಯಲಿಲ್ಲ. ಆಕಾಶದಿಂದ ಪುಷ್ಪವೃಷ್ಟಿಯಾಗದ ಕಾರಣ ವೀರಪ್ಪ ತಾನೇ ಮನೆಗೆ ಫೋನು ಮಾಡಿದ.

“ನೀಲಾ, ಗೆದ್ದೆ.”

“ಏನ್ ಗೆದ್ರಿ?”

“ಉಂಡ್ ಮ್ಯಾಲೆ ನಡದೆ. ನಿದ್ದಿ ಬರಲಿಲ್ಲ.”

“ಪೂರಾ ಬರಲಿಲ್ಲೇನು?”

“ಸ್ವಲ್ಪ ಬಂತು.”

“ಹೂಂ. ನಾಳೆನೂ ನಡೀರಿ. ನಾಡಿದ್ದೂ.”

“ಹಿಂಗ ಎಷ್ಟ್ ದಿನ?”

“ಎಷ್ಟ್ ದಿನ ಉಣ್ಣಬೇಕಂತೀರಿ, ಅಷ್ಟ್ ದಿನ,” ಎಂದು ನೀಲವ್ವ ಫೋನಿಟ್ಟಳು.

ಇಪ್ಪತ್ತೆರಡು ವರ್ಷಗಳ ಸಾಮ್ರಾಜ್ಯ ಉಳಿದಿತ್ತು, ಶುಕ್ರವಾರ ಮಧ್ಯಾಹ್ನದವರೆಗೆ.