ಗುಳಿಕ ಕಾಲದ ಗುಳಿಗೆ

ಜ್ವರದ ಮಾತ್ರೆಯನ್ನು ಜನ ಕೇಳಿ ತೆಗೆದುಕೊಂಡು ತಿನ್ನುತ್ತಾರೆ. ಸೊಂಟನೋವಿನ ಮಾತ್ರೆಯಾದರೆ ಪಕ್ಕದ ಮನೆಯವರದ್ದನ್ನೂ ಬಿಡುವುದಿಲ್ಲ. ಪ್ರೆಷರಿನ ಮಾತ್ರೆ ಮಾತ್ರ ಮನೆ ಬಾಗಿಲಿಗೆ ತಂದು ಪುಕ್ಕಟೆ ಕೊಟ್ಟರೂ ಬೇಡ. ನೋವಿಲ್ಲ, ಜ್ವರವಿಲ್ಲ, ನಾಲ್ಕು ಜನರಿಗೆ ತೋರಿಸಲಿಕ್ಕೆ ಒಂದು ಗಾಯವೂ ಇಲ್ಲ. ಇಲ್ಲದ ಕಾಯಿಲೆಗೆ ಎಂಥ ಮದ್ದು ಎಂಬುದು ಅರುವತ್ತು ದಾಟಿದವರ ವಾದ. ಪೆರ್ಲದ ಸುತ್ತಮುತ್ತ ಮನೆ ಮನೆಗೆ ಹೋಗಿ ಪ್ರೆಷರ್ ನೋಡುವ ಸರಕಾರಿ ನರ್ಸ್ ನಾನು. ಇಂಥ ಒಂದು ವಾದ ಕೇಳದೆ ನನಗೆ ಸಂಜೆಯಾಗುವುದಿಲ್ಲ.

ಊರಿಗೆಲ್ಲ ಬುದ್ಧಿ ಹೇಳಿ ಮನೆಗೆ ಬಂದರೆ ಅಲ್ಲಿ ನನ್ನ ಮಾವ, ಗಂಡನ ಅಪ್ಪ. ಅವರ ಅಣ್ಣ ಇದೇ ಪ್ರೆಷರನ್ನು ಉದಾಸೀನ ಮಾಡಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಕುಸಿದು ಬಿದ್ದವರು, ಬಲಗೈ ಬಲಗಾಲು ಸ್ವಾಧೀನ ತಪ್ಪಿ ಇವತ್ತಿಗೂ ಹಾಸಿಗೆಯಲ್ಲಿದ್ದಾರೆ. ಮಾವನ ಪ್ರೆಷರ್ ಅಣ್ಣನದ್ದಕ್ಕಿಂತ ಹೆಚ್ಚು. ಮಾತ್ರೆ ಬಿಟ್ಟರೆ ಇವರಿಗೂ ಅದೇ ಗತಿ ಎಂದು ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದಾರೆ. ನನಗೆ ಹೆದರಿಕೆ ಉಂಟು, ಮಾವನಿಗೆ ಇಲ್ಲ. ದಿನದ ಕಥೆಗಳನ್ನು ನಾನು ಸಂಜೆ ಜಗಲಿಯಲ್ಲಿ ಹೇಳುವಾಗ ಎಲ್ಲರಿಗಿಂತ ಜೋರಾಗಿ ನಗುವವರು ಅವರೇ.

ಪಾಸಾದ ಮಾಷ್ಟ್ರು

ಒಬ್ಬರು ನಿವೃತ್ತ ಮಾಷ್ಟ್ರು. ಸರ್ವೀಸ್ ಇಡೀ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿದವರು. ಕೆಲವು ತಿಂಗಳು ಶಿಸ್ತಾಗಿ ಮಾತ್ರೆ ತಿಂದರು, ಪ್ರೆಷರ್ ಸರಿಯಾಯಿತು. ಮುಂದಿನ ಸಲ ಹೋಗಿ ನೋಡಿದರೆ ಪುನಃ ಅಟ್ಟಕ್ಕೆ ಏರಿತ್ತು.

"ಮಾತ್ರೆ ತಿಂತಾ ಇದ್ದೀರಾ ಮಾಷ್ಟ್ರೇ?"

"ಇಲ್ಲ. ಕಳೆದ ಸಲ ನಾರ್ಮಲ್ ಅಂತ ಹೇಳಿದ್ದು ನೀವೇ ಅಲ್ವಾ? ನಾನು ಪಾಸು."

"ಮಾತ್ರೆ ತಿಂದ ಕಾರಣ ನಾರ್ಮಲ್ ಆದದ್ದು. ಇನ್ನೂ ತಿನ್ನಬೇಕು."

"ಇದೆಂತ ನ್ಯಾಯ ಸಿಸ್ಟರ್? ಪಾಸಾದ ಮೇಲೂ ಅದೇ ಕ್ಲಾಸಿನಲ್ಲಿ ಕೂತುಕೊಳ್ಳುವುದು ಎಲ್ಲಿಯಾದರೂ ಉಂಟಾ?"

ನಾನೂ ಬಿಡಲಿಲ್ಲ. "ನೀವು ಕೂತಿರಲ್ಲ ಮಾಷ್ಟ್ರೇ, ಅಷ್ಟು ವರ್ಷ ನಾಲ್ಕನೇ ಕ್ಲಾಸಿನಲ್ಲಿ!"

ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕರು. ಮಾಷ್ಟ್ರು ಮಾತ್ರ ಮುಖ ಸಡಿಲಿಸಲಿಲ್ಲ.

"ಕೂತೆ. ಅದಕ್ಕೆ ಸಂಬಳ ಇತ್ತು."

ಪೊರ್ಬುಗಳ ತ್ಯಾಗ

ಮೊದಲು ನನಗೆ ಬಾಯಾರು ಕಡೆ ಡ್ಯೂಟಿ ಇತ್ತು. ಅಲ್ಲಿ ಒಬ್ಬರು ಪೊರ್ಬುಗಳು. ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ಹಾಗೆ ಕರೆಯುವುದು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಅವರಲ್ಲಿ ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದನ್ನು ತ್ಯಾಗ ಮಾಡುವ ಕ್ರಮ ಉಂಟು. ಒಬ್ಬರು ಮಾಂಸ ಬಿಟ್ಟರೆ ಇನ್ನೊಬ್ಬರು ಬೀಡಿ ಬಿಡುತ್ತಾರೆ. ಆ ದಿನಗಳಲ್ಲೇ ನಾನು ಹೋದಾಗ ಪೊರ್ಬುಗಳು ಬಂಗುಡೆಯ ಮುಳ್ಳು ಬಿಡಿಸುತ್ತಾ ಊಟಕ್ಕೆ ಕೂತಿದ್ದರು. ಪ್ರೆಷರ್ ಹೇಳಬಾರದಷ್ಟು ಇತ್ತು.

"ಮಾತ್ರೆ ಎಂತ ಮಾಡಿದ್ರಿ?"

"ಬಿಟ್ಟಿದ್ದೇನೆ ಸಿಸ್ಟರ್, ದೇವರಿಗಾಗಿ. ಹಬ್ಬ ಕಳೆದ ಮೇಲೆ ಶುರು ಮಾಡುವಾ."

"ಪ್ರಿಯವಾದದ್ದನ್ನು ಬಿಡಬೇಕು ಅಂತ ಅಲ್ವಾ ಇರುವುದು? ಮೀನು ಬಿಡಿ. ಮಾತ್ರೆ ಅಷ್ಟು ಪ್ರಿಯವಾ ನಿಮಗೆ?"

ಪೊರ್ಬುಗಳು ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಇಳಿಸಿ ಗಂಭೀರವಾದರು. "ನೀವು ಬಂದಾಗಲೆಲ್ಲ ಹೇಳುವುದು ಎಂತ? ಈ ಮಾತ್ರೆಯೇ ನಿಮ್ಮ ಜೀವ ಅಂತ. ಜೀವಕ್ಕಿಂತ ಪ್ರಿಯ ಬೇರೆ ಎಂತ ಉಂಟು? ಬೇರೆಯವರೆಲ್ಲ ಬೀಡಿ ಬಿಟ್ಟರು, ನಾನು ಜೀವವನ್ನೇ ಬಿಟ್ಟೆ!"

ಈ ಕಥೆ ಕೇಳಿ ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿಮ್ಮ ಇವತ್ತಿನ ಮಾತ್ರೆ ಆಯ್ತಾ ಮಾವ?" ಎಂದು ಕೇಳಿದೆ. ತಕ್ಷಣ ಅವರಿಗೆ ದನಕ್ಕೆ ಹುಲ್ಲು ಹಾಕಲಿಕ್ಕೆ ನೆನಪಾಯಿತು.

ಬಸ್ಸಿಗೆ ಹೋಗುವ ಅಕ್ಕ

ಪ್ರೆಷರಿಗೆ ಕೊಡುವ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚು ಹೋಗುವ ಹಾಗೆ ಮಾಡುತ್ತದೆ. ಅದನ್ನು ತಿಂದು ಪೆರ್ಲದಿಂದ ಪುತ್ತೂರಿಗೆ ಬಸ್ಸು ಹತ್ತುವುದು ಎಂಥ ಸಾಹಸ ಎಂದು ಬರೆದುಕೊಟ್ಟ ಡಾಕ್ಟರಿಗೆ ಗೊತ್ತಿಲ್ಲ. ಅವರಿಗೆ ಕಾರು ಉಂಟು. ಎಪ್ಪತ್ತರ ಒಬ್ಬರು ಅಕ್ಕನಿಗೆ ಗೊತ್ತು. ಅದಕ್ಕಾಗಿ ಜೆಂಬರ ಇದ್ದ ದಿನ ಅವರು ಮಾತ್ರೆ ತಿನ್ನುವುದಿಲ್ಲ. ಜೆಂಬರ ಎಂದರೆ ಮದುವೆ, ಉಪನಯನ, ಗೃಹಪ್ರವೇಶ, ಸತ್ತವರ ಹೆಸರಿನ ಬೊಜ್ಜದೂಟ, ಒಟ್ಟಿನಲ್ಲಿ ಎಲೆ ಹಾಕಿ ಬಡಿಸುವ ಯಾವುದೂ ಆಗಬಹುದು.

"ಜೆಂಬರ ಇಲ್ಲದ ದಿನ ತಿಂತೀರಲ್ಲ?" ಎಂದು ಕೇಳಿದೆ.

"ತಿಂತೇನೆ ಮಾರಾಯ್ತಿ. ಆದ್ರೆ ಮೇ ತಿಂಗಳಲ್ಲಿ ಜೆಂಬರ ಇಲ್ಲದ ದಿನ ಎಲ್ಲುಂಟು?"

ನನಗೆ ಸಿಟ್ಟು ನೆತ್ತಿಗೇರಿತು. ಆಡಬಾರದ ಮಾತು ಆಡಿಬಿಟ್ಟೆ. "ಹೀಗೇ ಮಾಡ್ತಾ ಇದ್ರೆ ಮುಂದಿನ ಜೆಂಬರ ನಿಮ್ಮ ಮನೆಯಲ್ಲೇ ಆದೀತು ಅಕ್ಕಾ!"

ಅಕ್ಕನಿಗೆ ಬೇಜಾರೇ ಆಗಲಿಲ್ಲ. "ಆಗಲಿ ಬಿಡು. ಅದಕ್ಕೆ ಬಸ್ಸು ಹತ್ತಲಿಕ್ಕಿಲ್ಲವಲ್ಲ!"

ಮಾವ ಮತ್ತು ಪಂಚಾಂಗ

ಇನ್ನು ನಮ್ಮ ಮನೆಯದ್ದು. ಮಾವ ಪೇಪರ್ ಓದದೆ ಇದ್ದಾರು, ಪಂಚಾಂಗ ನೋಡದೆ ಅಂಗಳಕ್ಕೆ ಇಳಿಯುವವರಲ್ಲ. ನಮ್ಮ ಡಾಕ್ಟರು ದಕ್ಷಿಣದ ಕಡೆಯ ಮಲಯಾಳಿ. ಮಾತ್ರೆ ಬರೆದುಕೊಟ್ಟ ದಿನ ಅವರು ಹೇಳಿದ್ದು, "ಈ ಗುಳಿಗ ಜೀವಿತಕಾಲಂ ಮುಳುವನ್ ಕಳಿಕ್ಕಣಂ." ಜೀವ ಇರುವವರೆಗೆ ಈ ಗುಳಿಗೆ ತಿನ್ನಬೇಕು ಎಂದರ್ಥ. ಮಾವನಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ಮಾತ್ರೆಗೆ ಮಲಯಾಳದಲ್ಲಿ ಗುಳಿಗ ಎನ್ನುತ್ತಾರೆ ಎಂಬುದೂ ಗೊತ್ತು. ಆದರೂ ಆ ಶಬ್ದ ಅವರ ತಲೆಯೊಳಗೆ ಹೊಕ್ಕು ಕೂತಿತು.

ಒಂದು ಭಾನುವಾರ ನೋಡುತ್ತೇನೆ, ಮಾತ್ರೆ ಇದ್ದ ಹಾಗೆಯೇ ಉಂಟು. ಅವರ ಅಣ್ಣನ ಹಾಸಿಗೆ ನನ್ನ ಕಣ್ಣ ಮುಂದೆ ಬಂತು.

"ಮಾವ, ಯಾಕೆ ತಿನ್ನಲಿಲ್ಲ?"

"ನಿಲ್ಲಿಸಿದ್ದೇನೆ ಕೂಸೇ. ಕಾರಣ ಉಂಟು. ನಾನು ಮೊದಲ ಗುಳಿಗೆ ತಿಂದದ್ದು ಶನಿವಾರ ಬೆಳಿಗ್ಗೆ ಮಿಂದು ಬಂದ ಕೂಡಲೇ. ಶನಿವಾರ ಆ ಹೊತ್ತು ಗುಳಿಕ ಕಾಲ."

ಪಂಚಾಂಗದಲ್ಲಿ ದಿನಕ್ಕೊಂದು ಗುಳಿಕ ಕಾಲ ಇರುತ್ತದೆ. ಆ ಹೊತ್ತಿನಲ್ಲಿ ಮಾಡಿದ ಕೆಲಸ ಪುನಃ ಪುನಃ ಮಾಡುವ ಹಾಗಾಗುತ್ತದೆ ಎಂದು ನಂಬಿಕೆ. ಆಗ ಚಿನ್ನ ತೆಗೆದುಕೊಳ್ಳುತ್ತಾರೆ, ಇನ್ನಷ್ಟು ಬರಲಿ ಎಂದು. ಹೆಣ ಮಾತ್ರ ಎತ್ತುವುದಿಲ್ಲ.

"ಹಾಗಾಗಿಯೇ ಇದು ಜೀವ ಇರುವವರೆಗೂ ಅಂತ ಆದದ್ದು. ಪ್ರೆಷರೂ ಇಲ್ಲ, ಎಂತದೂ ಇಲ್ಲ. ಗುಳಿಗ ಅಂತ ಡಾಕ್ಟರ ಬಾಯಲ್ಲೇ ಬರಲಿಲ್ವಾ?"

ನಾನು ರಕ್ತನಾಳ ಹೇಳಿದೆ, ಮೆದುಳು ಹೇಳಿದೆ, ಅವರ ಅಣ್ಣನನ್ನು ಹೇಳಿದೆ. ಅತ್ತೆ ಒಳಗಿನಿಂದ ಬಂದು ಅತ್ತೂ ನೋಡಿದರು. ಮಾವ ಕಂಬದ ಹಾಗೆ ಕೂತಿದ್ದರು. ಸೋತು, ಸುಮ್ಮನೆ ಕೇಳಿದೆ:

"ಯಾವಾಗ ನಿಲ್ಲಿಸಿದ್ದು ನೀವು?"

"ಮೊನ್ನೆ ಶುಕ್ರವಾರ. ಬೆಳಗ್ಗಿನ ಕಾಫಿ ಆಗಿ, ಎಂಟು ಗಂಟೆಗೆ. ಇನ್ನು ತಿನ್ನುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದೆ."

ನಾನು ಎದ್ದು ಮೊಳೆಯಿಂದ ಪಂಚಾಂಗ ತೆಗೆದೆ. ಶುಕ್ರವಾರದ ಸಾಲಿನಲ್ಲಿ ಬೆರಳಿಟ್ಟು ಅವರ ಮುಂದೆ ಹಿಡಿದೆ. ಗುಳಿಕ ಕಾಲ, ಏಳೂವರೆಯಿಂದ ಒಂಬತ್ತು.

ಮಾವ ಕನ್ನಡಕ ಹಾಕಿದರು. ತೆಗೆದು ಒರೆಸಿದರು. ಪುನಃ ಹಾಕಿದರು.

"ನಿಲ್ಲಿಸಿದ್ದೂ ಗುಳಿಕ ಕಾಲದಲ್ಲೇ ಮಾವ. ಇನ್ನು ಅದನ್ನು ಪುನಃ ಪುನಃ ನಿಲ್ಲಿಸ್ತಾ ಇರಬೇಕಲ್ಲ ನೀವು?"

"ನಿಲ್ಲಿಸಿದ್ದನ್ನು ಪುನಃ ನಿಲ್ಲಿಸುವುದು ಹೇಗೆ ಮಾರಾಯ್ತಿ?"

"ಮೊದಲು ತಿನ್ನಬೇಕು. ಆಮೇಲೆ ನಿಲ್ಲಿಸಬೇಕು."

ಶಾಸ್ತ್ರ ಮಾವನದ್ದೇ, ಎದ್ದು ಹೋಗಲಿಕ್ಕೆ ದಾರಿ ಇರಲಿಲ್ಲ. ಅತ್ತೆ ಆಗಲೇ ನೀರಿನ ಲೋಟ ಹಿಡಿದು ನಿಂತಿದ್ದರು. ಮಾವ ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, ಇಬ್ಬರಿಗೂ ಕೇಳುವ ಹಾಗೆ ಹೇಳಿದರು: "ಇಗೋ, ನಿಲ್ಲಿಸಿದೆ. ನಾಳೆಯಿಂದ ಇಲ್ಲ."

ಮರುದಿನ ಬೆಳಿಗ್ಗೆ ಪುನಃ ನಿಲ್ಲಿಸಬೇಕಾಗಿತ್ತು. ಅದರ ಮರುದಿನವೂ. ನನ್ನ ಹೆದರಿಕೆ ಮೆಲ್ಲಗೆ ಇಳಿಯಿತು, ಅದರೊಟ್ಟಿಗೆ ಮಾವನ ಪ್ರೆಷರೂ ಇಳಿಯಿತು.

ಆರು ತಿಂಗಳು ಕಳೆದು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪ್ರೆಷರ್ ನೋಡಿ ಡಾಕ್ಟರ ಮುಖ ಅರಳಿತು. ಈಗ ಅವರೂ ಅರ್ಧಂಬರ್ಧ ಕನ್ನಡ ಕಲಿತಿದ್ದಾರೆ.

"ಅಜ್ಜಾ, ಬಹಳ ಒಳ್ಳೇದುಂಟು! ಗುಳಿಗೆ ಬಿಡ್ಲಿಲ್ಲ ಅಲ್ವಾ?"

ಮಾವನಿಗೆ ಸಣ್ಣ ಅವಮಾನವಾಯಿತು. ಎದೆ ಸೆಟೆಸಿ ಕೂತು ಹೇಳಿದರು:

"ಬಿಡದೆ ಎಂತ ಡಾಕ್ಟ್ರೇ? ಒಂದು ದಿನವೂ ತಪ್ಪದೆ ಬಿಡ್ತಾ ಇದ್ದೇನೆ!"