ಮುನಿಸಿಗೆ ಮೂರೇ ದಿನ

೧೯೩೮, ಜೂನ್ ೧೧, ಶನಿವಾರ. ‘ಇಂದು ಯಾರೂ ಜಗಳವಾಡಲಿಲ್ಲ’ ಎಂದು ನನ್ನ ಡೈರಿಯಲ್ಲಿದೆ. ಅದರ ಕೆಳಗೇ, ಬೇರೆ ಶಾಯಿಯಲ್ಲಿ: ‘ಸಂಜೆ ಆಡಿದರು.’ ಆಂಡರ್ಸನ್‌ಪೇಟೆಯ ನಮ್ಮ ವಸತಿ ಮದ್ರಸಾದಲ್ಲಿ ಜಗಳಕ್ಕೆ ಬಿಡುವೆಂಬುದೇ ಇರಲಿಲ್ಲ. ಮೇಲ್ವಿಚಾರಕಿ ನಾನು, ಎಲ್ಲರಿಗೂ ‘ಆಪಾ’, ಅಂದರೆ ಅಕ್ಕ; ಬಿ.ಎ. ಓದಿದವಳೆಂದು ಸಿಬ್ಬಂದಿಯ ತಕರಾರೆಲ್ಲ ನನ್ನ ಮೇಜಿಗೇ ಬರುತ್ತಿತ್ತು. ತರ್ಕಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಇಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ.

೧. ಸೂರ್ಯ ಮತ್ತು ಸೈರನ್

ಅಡುಗೆ ಚಾಚಾ ನಂದಿದುರ್ಗ ಚಿನ್ನದ ಗಣಿಯ ಮಧ್ಯಾಹ್ನದ ಸೈರನ್ ಕೂಗಿದೊಡನೆ ಅನ್ನ ಬಡಿಸುವವರು. ಅರಬ್ಬಿ ಕಲಿಸುವ ಉಸ್ತಾದರು ನೆರಳು ನೋಡಿ ನಮಾಜಿಗೆ ಕರೆಯುವವರು. ಎರಡೂ ಒಂದೇ ಹೊತ್ತಿಗೆ. ಹುಡುಗರು ತಟ್ಟೆ ಹಿಡಿದು ಅಂಗಳದ ನಡುವೆ ನಿಂತುಬಿಡುತ್ತಿದ್ದರು.

“ಗಣಿ ಕೂಗಿದ್ರೆ ಊಟ, ಹಜ್ರತ್. ಅನ್ನ ಆರೋಯ್ತದೆ.”

“ಸೂರ್ಯ ಏನು ಗಣಿಯ ಕೂಲಿ ಆಳಾ, ಸೈರನ್ ಕೇಳಿ ನೆತ್ತಿಗೆ ಬರೋಕೆ?”

ನಾನು ಸೂರ್ಯನ ಪರ ತೀರ್ಪು ಕೊಟ್ಟೆ. ಚಾಚಾ ಸೌಟು ಕೆಳಗಿಟ್ಟರು. “ಅಂಗಾದ್ರೆ ನಾಳೆಯಿಂದ ಸೂರ್ಯಂಗೇ ಅನ್ನ ಬೇಯ್ಸಾಕೆ ಯೋಳಿ, ಆಪಾ.”

೨. ಮೇಕೆಯ ಮೂಲಕ

ಇಬ್ಬರ ನಡುವೆ ಮಾತು ನಿಂತಿತು. ಹೇಳುವುದನ್ನೆಲ್ಲ ಹಿತ್ತಲ ಮೇಕೆಗೆ ಹೇಳತೊಡಗಿದರು.

“ಏ ಮೇಕೆ, ಸಾರಿಗೆ ಉಪ್ಪಿಲ್ಲ ಅಂತ ಅಡುಗೆಯವರಿಗೆ ಹೇಳು,” ಅಂದರು ಉಸ್ತಾದರು.

“ಲೇ ಮೇಕೆ, ನೆನ್ನೆ ಉಪ್ಪು ಜಾಸ್ತಿ ಅಂದೋರ್ ಯಾರು, ಕೇಳೇ,” ಅಂದರು ಚಾಚಾ.

ಮೇಕೆ ಬ್ಯಾ ಅಂದಿತು.

“ನೋಡಿದ್ರಾ ಆಪಾ,” ಎಂದು ಇಬ್ಬರೂ ನನ್ನ ಕಡೆ ತಿರುಗಿದರು, “ಅದೂ ನನ್ನ ಕಡೇನೇ!”

೩. ಮೊದಲ ಸಲಾಂ

ಮೂರನೆಯ ದಿನ ಚಾಚಾ ಗಂಟು ಕಟ್ಟಿದರು. ಗಣಿ ದೊರೆಯೊಬ್ಬರ ಬಂಗಲೆಯಲ್ಲಿ ಕೆಲಸ ಕಾದಿತ್ತು. ಸಂಜೆ ಬಡಿಸಿ ಹೊರಡುವವರು. ಅವರು ಹೋದರೆ ಬೇರೆ ಅಡುಗೆಯವರಿಲ್ಲ. ಹುಡುಗರನ್ನೆಲ್ಲ ಮನೆಗೆ ಕಳಿಸಿ ಬೀಗ ಹಾಕಬೇಕಿತ್ತು.

ನಮ್ಮ ಧರ್ಮದಲ್ಲಿ ಮುನಿಸು ಮೂರು ದಿನ ದಾಟಬಾರದು. ಮೊದಲು ಸಲಾಂ ಹೇಳಿದವರೇ ಮೇಲು. “ಅವರಾಗಲೇ ಸಲಾಂ ಹೇಳೋಕೆ ಹೊರಟಿದ್ದಾರೆ” ಎಂದು ಇಬ್ಬರಿಗೂ ಬೇರೆಬೇರೆಯಾಗಿ ಹೇಳಿಬಿಟ್ಟೆ.

ಚಾಚಾ ಕೈಯಲ್ಲಿದ್ದ ಬೇಳೆಸಾರಿನ ಪಾತ್ರೆಯನ್ನೂ ಇಳಿಸದೆ ಓಡಿದರು. ಉಸ್ತಾದರು ಒಂದೇ ಚಪ್ಪಲಿಯಲ್ಲಿ ಓಡಿದರು. ಮೂಲೆ ತಿರುಗಿ, ಕೈಕಾಲು ತೊಳೆಯುವ ತೊಟ್ಟಿಯ ಹತ್ತಿರ ಢೀ! ಸಾರಿನ ಸಮೇತ ಇಬ್ಬರೂ ನೀರೊಳಗೆ. ಎರಡು ತಲೆ ಮೇಲೆದ್ದವು.

“ಅಸ್ಸಲಾಮು ಅಲೈಕುಂ!” ಅಂದವು ಎರಡೂ.

“ಮೊದಲು ನಾನು!” ಅಂದರು ಉಸ್ತಾದರು.

“ಇಲ್ಲ ಕಣ್ರೀ, ನಾನು! ಆಪಾ, ಯಾರ್ದು ಮೊದ್ಲು?”

“ಎರಡೂ ಒಟ್ಟಿಗೇ ಕೇಳಿಸಿದವು,” ಅಂದೆ.

ಇಬ್ಬರೂ ಮುಖಮುಖ ನೋಡಿಕೊಂಡರು. “ಪಾಪ ಹಜ್ರತ್, ಓದೀ ಓದೀ ಆಪಾಗೆ ಕಿವೀನೇ ಓಗ್ಬುಟ್ಟೈತೆ,” ಅಂದರು ಚಾಚಾ.

“ಹೌದು ಚಾಚಾ, ಬಿ.ಎ. ಅಂದರೆ ಸುಮ್ಮನೇನಾ?” ಎನ್ನುತ್ತ ಉಸ್ತಾದರು ಅವರ ಕೈಹಿಡಿದು ಎಬ್ಬಿಸಿದರು.

ಚಾಚಾ ಗಂಟು ಬಿಚ್ಚಿದರು. ಈ ರಾಜಿಗೆ ಒಟ್ಟು ತಗುಲಿದ್ದು: ಒಂದು ಪಾತ್ರೆ ಬೇಳೆಸಾರು, ಉಸ್ತಾದರ ಕನ್ನಡಕದ ಒಂದು ಗಾಜು, ತೊಟ್ಟಿ ತೊಳೆಯಲು ಇಡೀ ಒಂದು ಬೆಳಗ್ಗೆ, ಮತ್ತು ನನ್ನ ಕಿವಿಗೆಂದು ಇಬ್ಬರೂ ಸೇರಿ ಕಾಯಿಸಿ ಪ್ರತಿ ಶುಕ್ರವಾರ ಕಳಿಸುತ್ತಿದ್ದ ಬೆಳ್ಳುಳ್ಳಿ ಎಣ್ಣೆ.