ಪರದೆಯ ಮೇಲಿನ ಖೀರು

"ಇನ್ನು ಮೇಲೆ ನಾನು ಮದುವೆ ವಿಡಿಯೋ ತೆಗೆಯುವವನಲ್ಲ, ಸಿನಿಮಾ ತೆಗೆಯುವವನು!" ಎಂದು ಹುಮನಾಬಾದಿನ ನನ್ನ ಸ್ಟುಡಿಯೋದಲ್ಲಿ ನಿಂತು ಘೋಷಿಸಿದೆ. ಕೇಳಿಸಿಕೊಂಡದ್ದು ಹೆಂಡತಿ ಅರ್ಷಿಯಾ ಮತ್ತು ಸೀಲಿಂಗ್ ಫ್ಯಾನು. ಹೊಸ ಡಿಜಿಟಲ್ ಸಿನಿಮಾ ಕ್ಯಾಮೆರಾ ನನ್ನ ತೊಡೆಯ ಮೇಲೆ ಕೂಸಿನಂತೆ ಮಲಗಿತ್ತು.

"ಮೊದಲ ಅಲ್ಮಾಸ್‌ದು ಮದುವಿ ಆಗ್ಲಿ, ಆಮ್ಯಾಲ ಸಿನಿಮಾ ಮಾಡ್ರಿ" ಎಂದಳು ಅರ್ಷಿಯಾ.

ಅಲ್ಮಾಸ್ ನನ್ನ ನಾದಿನಿ. ಅವಳನ್ನು ತಮ್ಮ ಮಗನಿಗೆ ನೋಡಲು ಮನ್ನಾಏಖೇಳ್ಳಿಯ ಕುಲ್ಸುಮ್ ಬೀ ಆ ಶುಕ್ರವಾರ ಬಸವಕಲ್ಯಾಣದ ನನ್ನ ಮಾವನ ಮನೆಗೆ ಬರುವವರಿದ್ದರು. ಹುಡುಗಿ ಒಪ್ಪಿಗೆಯಾದರೆ ಹುಡುಗಿಯ ಮನೆಯಲ್ಲಿ ಮಾಡಿದ ಖೀರನ್ನೇ, ಅಂದರೆ ಸೋರೆಕಾಯಿಯ ಹಾಲು ಪಾಯಸವನ್ನೇ, ಒಂದು ಚಮಚ ಅವಳ ಬಾಯಿಗಿಡುತ್ತಾರೆ, ಅಲ್ಲಿಗೆ ಮಾತು ಪಕ್ಕಾ. ನನ್ನ ಲೆಕ್ಕವೂ ಒಂದಿತ್ತು: ಹೊಸ ಕ್ಯಾಮೆರಾದ ಫೂಟೇಜ್ ತೋರಿಸಿ ಆ ಮದುವೆಯ ಚಿತ್ರೀಕರಣ ನಾನೇ ಹಿಡಿಯುವುದು.

"ಅಲ್ಮಾಸ್‌ಗ ತಯಾರ್ ಮಾಡಿ ಬರ್ತೀನಿ. ಖೀರು ತಿರುವ್ತಾ ಇರ್ರಿ, ಕೈ ಬಿಡಬ್ಯಾಡ್ರಿ" ಎಂದು ಆ ಶುಕ್ರವಾರ ಮಾವನ ಅಡುಗೆಮನೆಯಲ್ಲಿ ಅರ್ಷಿಯಾ ನನ್ನ ಕೈಗೆ ಸೌಟು ಕೊಟ್ಟು ಹೋದಳು.

ಕಿಟಕಿಯ ಬಿಸಿಲು ಸೀದಾ ಹಾಲಿನ ಹಬೆಯ ಮೇಲೆ ಬೀಳುತ್ತಿತ್ತು. ನನ್ನಂಥ ಕಲಾವಿದ ಸುಮ್ಮನಿರುವುದು ಹೇಗೆ? ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಒಂದು ಸ್ಲೋ ಮೋಷನ್ ಹೊಡೆದು, ಅದರ ಪುಟ್ಟ ಪರದೆಯಲ್ಲಿ ನೋಡಿದೆ. ಒಂದೇ ಒಂದು ಗುಳ್ಳೆ ಯೋಚಿಸಿ ಯೋಚಿಸಿ ಉಬ್ಬಿತು, ಒಡೆಯಲು ಮನಸ್ಸಿಲ್ಲದೆ ಒಡೆಯಿತು. ಸೋರೆಕಾಯಿಯ ಎಳೆಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದವು. ಇಷ್ಟು ವರ್ಷ ಹಾಲು ಕುಡಿದಿದ್ದೆ, ನೋಡಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಮತ್ತೆ ರೆಕಾರ್ಡ್ ಒತ್ತಿದೆ. ಸೌಟು ಯಾವಾಗ ಕೈಬಿಟ್ಟಿತೋ ತಿಳಿಯದು. ಒಲೆಯ ಮೇಲೆ ಹಾಲು ಏರತೊಡಗಿತು. ನನ್ನ ಮನಸ್ಸು ಇನ್ನೂ ಆ ಪರದೆಯ ನಿಧಾನದಲ್ಲೇ ತೇಲುತ್ತಿತ್ತು; ಅಂಚು ಮುಟ್ಟಲು ಬೇಕಾದಷ್ಟು ಹೊತ್ತಿದೆ ಅಂದುಕೊಂಡೆ. ಒಲೆಯ ಹಾಲಿಗೆ ಸ್ಲೋ ಮೋಷನ್ ಗೊತ್ತಿರಲಿಲ್ಲ. ಅದು ಉಕ್ಕಿತು, ತಳ ಹಿಡಿಯಿತು, ಹೊಗೆ ಎದ್ದಿತು. ಆ ಹೊಗೆಯೂ ಚೆಂದವೇ ಕಂಡಿತು.

ಒಂದೇ ಕಿವಿಗೆ ಝುಮಕಿ ಹಾಕಿಕೊಂಡಿದ್ದ ಅಲ್ಮಾಸ್ ಓಡಿ ಬಂದು, ಮೊಣಕೈಯಿಂದ ನನ್ನನ್ನು ತಳ್ಳಿ, ದುಪಟ್ಟಾದ ಸೆರಗಿನಲ್ಲಿ ಬೋಗಣಿ ಹಿಡಿದು ಇಳಿಸಿದಳು. ಆಮೇಲೆ ನನಗೆ ಅಂದದ್ದನ್ನು ಇಲ್ಲಿ ಬರೆಯಲಾರೆ.

ಖೀರು ಬಾಯಿಗಿಡುವಂತಿರಲಿಲ್ಲ. ಬೇರೆ ಹಾಲು ತರುವಷ್ಟರಲ್ಲಿ ಬಾಗಿಲಲ್ಲಿ ಕುಲ್ಸುಮ್ ಬೀ ಅವರ ಜೀಪು ನಿಂತಿತು. ಹೊತ್ತು ಕಳೆಯಲೆಂದು ಕ್ಯಾಮೆರಾವನ್ನು ಟಿವಿಗೆ ಜೋಡಿಸಿದೆ.

ಮೊದಲ ಫೂಟೇಜ್ ಶುರುವಾಯಿತು. ಗುಳ್ಳೆ ಉಬ್ಬಿತು, ಹಬೆ ತೇಲಿತು. ಕುಲ್ಸುಮ್ ಬೀ ಕಣ್ಣು ಅರೆ ಮುಚ್ಚಿದರು.

"ಮಾಶಾಅಲ್ಲಾ, ನೋಡಿದ್ರೇ ಬಾಯಾಗ ನೀರು ಬರ್ತಾವ. ತರ್ರಿ, ಅದೇ ಖೀರು ತರ್ರಿ."

ಎಲ್ಲರೂ ನನ್ನನ್ನು ನೋಡಿದರು. ಅಷ್ಟರಲ್ಲಿ ಎರಡನೆಯ ಫೂಟೇಜ್ ತಾನಾಗಿ ಶುರುವಾಯಿತು. ಹಾಲು ಸಕಲ ವೈಭವದಿಂದ ಉಕ್ಕಿತು. ಹೊಗೆ ಹಬ್ಬಿತು. ಪಕ್ಕದಿಂದೊಂದು ಮೊಣಕೈ ಬಂತು, ನನ್ನ ಭುಜ ಮೆಲ್ಲಗೆ ಪರದೆಯಿಂದ ಹೊರಗೆ ತೇಲಿಹೋಯಿತು. ಝುಮಕಿ ತೂಗಿತು, ಬೋಗಣಿ ಇಳಿಯಿತು. ಕೊನೆಗೆ ಅಲ್ಮಾಸ್ ಇತ್ತ ತಿರುಗಿ ತುಟಿ ಆಡಿಸಿದಳು. ಸ್ಲೋ ಮೋಷನ್ನಿಗೆ ದನಿ ಇರಲಿಲ್ಲ, ಆದರೆ ಒಂದೊಂದು ಅಕ್ಷರವೂ ನಿಧಾನವಾಗಿ, ಸ್ಪಷ್ಟವಾಗಿ ಕಂಡಿತು. ನನ್ನ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನ್ನಿಂದ ಒಂದು ಹುಡುಗಿಯ ಮದುವೆ ಮುರಿಯಿತಲ್ಲ ಎಂದು ಟಿವಿ ಆರಿಸಲು ಎದ್ದೆ.

"ಇನ್ನೊಮ್ಮಿ ಹಾಕ್ರಿ" ಎಂದರು ಕುಲ್ಸುಮ್ ಬೀ. ಮತ್ತೆ ಹಾಕಿದೆ. ಅವರು ಪೂರ್ತಿ ನೋಡಿದರು.

"ನನ್ನ ಮಗನೂ ಹಿಂಗೇ ಇದ್ದಾನ. ಮೊಬೈಲ್ ಹಿಡಿದು ಕುಂತ್ರ ಮನಿ ಸುಟ್ರೂ ಖಬರ್ ಇರಂಗಿಲ್ಲ. ನಮಗ ಓಡಿ ಬರೋ ಇಂಥಾಕೀನೇ ಬೇಕಾಗಿತ್ತು. ಖೀರು ಇಲ್ದಿದ್ರ ಇರ್ಲಿ, ಸಕ್ಕರಿ ತರ್ರಿ."

ಚಿಟಿಕೆ ಸಕ್ಕರೆ ಅಲ್ಮಾಸ್‌ಳ ಬಾಯಿಗೆ ಬಿತ್ತು. ಅರ್ಷಿಯಾ ಕಣ್ಣೊರೆಸಿಕೊಂಡಳು. ನನಗೂ ಜೀವ ಬಂತು.

"ಖಾಲಾ, ಹಂಗಾದ್ರ ಮದುವಿ ವಿಡಿಯೋ..." ಎಂದು ರಾಗ ಎಳೆದೆ.

"ಅದಕ್ಕ ಬ್ಯಾರೆಯವರಿಗಿ ಹೇಳ್ತೀನಿ ಬೇಟಾ. ನಿನಗ ಅದಕ್ಕಿಂತ ದೊಡ್ಡ ಕೆಲಸ ಅದ."

ಎದೆಯುಬ್ಬಿಸಿ ಕುಳಿತೆ.

"ಮದುವಿ ದಿನ ಖೀರಿನ ದೊಡ್ಡ ಹಂಡೆ, ಆ ದೇಗ್, ನೀನೇ ತಿರುವಬೇಕು. ಎರಡೂ ಕೈಲೆ."